ಹೈಕು ಆಪರೇಟಿಂಗ್ ಸಿಸ್ಟಮ್: ಐದು ವರ್ಷಗಳ ಬಳಕೆಯ ನಂತರ

ನಮ್ಮ ತಂದೆಯವರು ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟ ತಾಳಮದ್ದಳೆಗಳು ಸುಮಾರು ಮುನ್ನೂರು. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅವುಗಳಲ್ಲಿ ಬೇಕಾದದ್ದನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಯಾವ ಪ್ರಸಂಗ, ಭಾಗವತರು ಯಾರು, ಅರ್ಥಧಾರಿಗಳು ಯಾರು, ನಡೆದದ್ದು ಯಾವ ಊರಿನಲ್ಲಿ ಎಂಬುದೆಲ್ಲವನ್ನೂ ಫೈಲಿನ ಹೆಸರಿಗೇ ತುರುಕುತ್ತಿದ್ದೆ. 2020ರ ಜೂನ್‌ನಲ್ಲಿ ಹೈಕುವಿನ ಎರಡನೆಯ ಬೀಟಾ (ಪರೀಕ್ಷಾರ್ಥ ಆವೃತ್ತಿ) ಬಂದಾಗ, ಮೂಲೆ ಸೇರಿದ್ದ 4 ಜಿಬಿ ಮೆಮೊರಿಯ ಲ್ಯಾಪ್‌ಟಾಪಿಗೆ ಅದನ್ನು ಹಾಕಿ ನೋಡಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಐದನೆಯ ಬೀಟಾ ಈಗ ಅದೇ ಯಂತ್ರದಲ್ಲಿದೆ. ಸಂಗ್ರಹದ ಕೆಲಸಕ್ಕೆ ಬೇರೊಂದು ಕಂಪ್ಯೂಟರನ್ನು ಮುಟ್ಟಿಲ್ಲ.

ಹೈಕುವಿನ ಹುಟ್ಟೇ ಒಂದು ಹಟದ ಕಥೆ. 1990ರ ದಶಕದಲ್ಲಿ ಅಮೆರಿಕದ ‘ಬೀ’ ಕಂಪನಿ ಬೀಓಎಸ್ ಎಂಬ ಸೊಗಸಾದ ಆಪರೇಟಿಂಗ್ ಸಿಸ್ಟಮನ್ನು ರೂಪಿಸಿತ್ತು. 1996ರಲ್ಲಿ ಆಪಲ್ ಅದನ್ನು ಕೊಳ್ಳುವ ಮಾತುಕತೆ ನಡೆಸಿ, ಕೊನೆಗೆ ನೆಕ್ಸ್ಟ್ ಕಂಪನಿಯನ್ನು ಕೊಂಡಿತು. 2001ರಲ್ಲಿ ಬೀ ಕಂಪನಿಯ ಆಸ್ತಿ ಪಾಮ್ ಕಂಪನಿಯ ಪಾಲಾಯಿತು, ಬೀಓಎಸ್ ಅಲ್ಲಿಗೇ ನಿಂತಿತು. ಅದನ್ನು ನೆಚ್ಚಿಕೊಂಡಿದ್ದ ಹವ್ಯಾಸಿ ಪ್ರೋಗ್ರಾಮರ್‌ಗಳು ಅದೇ ವರ್ಷ ಓಪನ್‌ಬೀಓಎಸ್ ಎಂಬ ಹೆಸರಿನಲ್ಲಿ ಅದನ್ನು ಹೊಸದಾಗಿ ಬರೆಯತೊಡಗಿದರು. 2004ರಲ್ಲಿ ಹೈಕು ಎಂದು ಹೆಸರು ಬದಲಾಯಿತು. ಬೀಓಎಸ್‌ನ ಬ್ರೌಸರ್ ತನ್ನ ದೋಷ ಸಂದೇಶಗಳನ್ನು ಹೈಕು ಪದ್ಯಗಳಾಗಿ ತೋರಿಸುತ್ತಿತ್ತು; ಈ ಹೆಸರಿನಲ್ಲಿ ಆ ನೆನಪಿದೆ. ಬೀಟಾಕ್ಕೂ ಮುಂಚಿನ ಹಂತವಾದ ಮೊದಲ ಆಲ್ಫಾ ಬಂದದ್ದು 2009ರಲ್ಲಿ, ಮೊದಲ ಬೀಟಾ 2018ರಲ್ಲಿ. ಬಹುಪಾಲು ಜನ ಬಿಡುವಿನ ವೇಳೆಯಲ್ಲಿ ಇಷ್ಟು ವರ್ಷ ಬಿಡದೆ ದುಡಿದಿದ್ದಾರೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ನನ್ನನ್ನು ಇಲ್ಲಿ ಕಟ್ಟಿಹಾಕಿದ್ದು ಇದರ ಫೈಲ್ ವ್ಯವಸ್ಥೆ. ಪ್ರತಿಯೊಂದು ಫೈಲಿಗೂ ನಮಗೆ ಬೇಕಾದ ವಿವರಗಳನ್ನು ಅಂಟಿಸಬಹುದು. ಆಡಿಯೋ ಫೈಲುಗಳಿಗೆ ನಾನು ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು ಎಂಬ ನಾಲ್ಕು ಅಂಕಣಗಳನ್ನು ಸೇರಿಸಿಕೊಂಡೆ. ಫೈಲುಗಳನ್ನು ತೋರಿಸುವ ಟ್ರ್ಯಾಕರ್ ಕಿಟಕಿಯಲ್ಲೇ ಅಂಕಣದ ಮೇಲೆ ಒತ್ತಿ ವಿವರ ತುಂಬಬಹುದು, ಪ್ರತ್ಯೇಕ ತಂತ್ರಾಂಶ ಬೇಕಿಲ್ಲ. ಒಬ್ಬ ಭಾಗವತರ ಹೆಸರಿನಲ್ಲಿ ಹುಡುಕಾಟವನ್ನು ಉಳಿಸಿಟ್ಟರೆ ಅದೂ ಒಂದು ಫೋಲ್ಡರಿನಂತೆಯೇ ತೆರೆದುಕೊಳ್ಳುತ್ತದೆ. ಅದು ತೆರೆದಿರುವಾಗಲೇ ಅವರ ಇನ್ನೊಂದು ಧ್ವನಿಮುದ್ರಿಕೆಗೆ ಹೆಸರು ತುಂಬಿದರೆ, ಆ ಫೈಲು ತಾನಾಗಿ ಬಂದು ಸೇರುತ್ತದೆ. ಇದನ್ನು ಮೊದಲ ಸಲ ಕಂಡ ದಿನ ರಾತ್ರಿ ಎರಡು ಗಂಟೆಯವರೆಗೆ ಕುರ್ಚಿ ಬಿಟ್ಟು ಎದ್ದಿರಲಿಲ್ಲ, ಹೆಸರು ತುಂಬುತ್ತಲೇ ಕುಳಿತಿದ್ದೆ.

ಹೊಸಬರು ಎರಡು ವಿಷಯ ನೆನಪಿಡಬೇಕು. ಹುಡುಕಾಟಕ್ಕೆ ಸಿಗಬೇಕಾದ ವಿವರಕ್ಕೆ ಮೊದಲೇ ಸೂಚಿ (ಇಂಡೆಕ್ಸ್) ರಚಿಸಿರಬೇಕು, ಆಮೇಲೆ ರಚಿಸಿದರೆ ಹಳೆಯ ಫೈಲುಗಳು ತಾವಾಗಿ ಅದಕ್ಕೆ ಸೇರುವುದಿಲ್ಲ. ಎರಡನೆಯದು, ಸಾಮಾನ್ಯ ಪೆನ್‌ಡ್ರೈವಿಗೆ ನಕಲು ಮಾಡಿದರೆ ಅಂಟಿಸಿದ ವಿವರಗಳೆಲ್ಲ ಕಳೆದುಹೋಗುತ್ತವೆ. ಹೈಕುವಿನದೇ ಜಿಪ್ ಫೈಲಾಗಿ ಕಟ್ಟಿಟ್ಟರೆ ಉಳಿಯುತ್ತವೆ. ನಾನು ಹಾಗೆಯೇ ಮಾಡುತ್ತೇನೆ.

ವೇಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪ್ರತಿ ಕಿಟಕಿಗೂ ತನ್ನದೇ ಥ್ರೆಡ್ (ಪ್ರತ್ಯೇಕವಾಗಿ ನಡೆಯುವ ಕೆಲಸದ ಎಳೆ) ಇರುವುದರಿಂದ ಹಿಂದೆ ಭಾರದ ಕೆಲಸ ನಡೆಯುತ್ತಿದ್ದರೂ ಒತ್ತಿದ ಗುಂಡಿ ಸ್ಪಂದಿಸುತ್ತದೆ. ಹೊಸ ತಂತ್ರಾಂಶ ಹಾಕಿ ಏನಾದರೂ ಕೆಟ್ಟರೆ, ಬೂಟ್ ಆಗುವಾಗ ಹಿಂದಿನ ಸ್ಥಿತಿಯನ್ನು ಆರಿಸಿಕೊಂಡು ಮರಳಬಹುದು.

ಇದನ್ನೇ ಮನೆಯ ಏಕೈಕ ಕಂಪ್ಯೂಟರಿಗೆ ಹಾಕಿಕೊಳ್ಳಿ ಎಂದು ಮಾತ್ರ ಹೇಳಲಾರೆ. ಗ್ರಾಫಿಕ್ಸ್ ಕಾರ್ಡಿನ ಬಲವನ್ನು ಇದು ಬಳಸುವುದಿಲ್ಲ, ಚಿತ್ರಿಸುವ ಹೊರೆಯೆಲ್ಲ ಪ್ರೊಸೆಸರಿನ ಮೇಲೆ. ಒಬ್ಬರೇ ಬಳಸುವ ಯಂತ್ರವೆಂದು ರೂಪಿಸಿರುವುದರಿಂದ ಮನೆಯವರಿಗೆ ಬೇರೆ ಬೇರೆ ಖಾತೆಗಳಿಲ್ಲ. ವೈಫೈ ಚಾಲಕಗಳು (ಡ್ರೈವರ್) ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಎಂಬ ಬೇರೆ ಮುಕ್ತ ಆಪರೇಟಿಂಗ್ ಸಿಸ್ಟಮ್‌ಗಳಿಂದ ಬಂದವು. ನಿಮ್ಮ ಯಂತ್ರಕ್ಕೆ ಹೊಂದುತ್ತವೆಯೋ ಎಂದು ಪೆನ್‌ಡ್ರೈವಿನಿಂದಲೇ ಬೂಟ್ ಮಾಡಿ ಮೊದಲು ನೋಡಿಕೊಳ್ಳಿ.

ಕನ್ನಡಿಗನಾಗಿ ನನ್ನನ್ನು ನೋಯಿಸುವ ಕೊರತೆ ಬೇರೆಯೇ ಇದೆ. ಹೈಕುವಿನ ಸ್ವಂತ ಕಿಟಕಿಗಳಲ್ಲಿ ಕನ್ನಡದ ಫಾಂಟ್ ಇದ್ದರೂ ಅಕ್ಷರಗಳು ಕೂಡಿಕೊಳ್ಳುವುದಿಲ್ಲ. ‘ಪ್ರಸಂಗ’ ಎಂದು ಬರೆದರೆ ಪಕಾರದ ಕೆಳಗೆ ಇಳಿಯಬೇಕಾದ ರಕಾರದ ಒತ್ತು ಪಕ್ಕದಲ್ಲಿ ಪೂರ್ಣಾಕ್ಷರವಾಗಿ ನಿಲ್ಲುತ್ತದೆ. ‘ಅರ್ಥಧಾರಿ’ಯಲ್ಲಿ ಅರ್ಕಾವೊತ್ತಿನ ಸುಳಿವೇ ಇಲ್ಲ. ಅಕ್ಷರ ಜೋಡಿಸುವ ಹಾರ್ಫ್‌ಬಝ್ ತಂತ್ರಾಂಶ ಕ್ಯೂಟಿ ಎಂಬ ತಂತ್ರಾಂಶ ಸಲಕರಣೆಯಿಂದ ಕಟ್ಟಿದ ಅಪ್ಲಿಕೇಶನ್‌ಗಳ ಜೊತೆಗೆ ಬರುವುದರಿಂದ ಅವುಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ. ಆದರೆ ನನ್ನ ನಾಲ್ಕು ಅಂಕಣಗಳಿರುವುದು ಟ್ರ್ಯಾಕರ್‌ನಲ್ಲಿ. ಕನ್ನಡ, ತೆಲುಗು, ಹಿಂದಿ ಬರೆಯುವ ಎಲ್ಲರಿಗೂ ಇದೇ ತೊಡಕು. ಎಂಐಟಿ ಪರವಾನಗಿಯ ಮುಕ್ತ ತಂತ್ರಾಂಶ ಇದು. ಸಿ ಪ್ಲಸ್ ಪ್ಲಸ್ ಬಲ್ಲ ಕನ್ನಡಿಗರು ಯಾರಾದರೂ ಕೈಹಾಕಿದರೆ ಅದಕ್ಕಿಂತ ದೊಡ್ಡ ಉಪಕಾರ ಇನ್ನಿಲ್ಲ. ಪರೀಕ್ಷಿಸಿ ತಪ್ಪು ಗುರುತಿಸಿಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.

ಇಂಗ್ಲಿಷ್ ಲಿಪಿಯಲ್ಲಿ ಹೆಸರು ಬರೆದುಕೊಂಡರೆ ಓದುವುದು ಸುಲಭ ಎಂದು ಗೆಳೆಯರು ಹೇಳಿದ್ದುಂಟು. ನಾನು ಕನ್ನಡದಲ್ಲೇ ತುಂಬಿದ್ದೇನೆ. ಒಳಗೆ ಉಳಿದಿರುವುದು ಸರಿಯಾದ ಯೂನಿಕೋಡ್, ಒಡೆದು ಕಾಣುವುದು ಪರದೆಯ ಮೇಲೆ ಮಾತ್ರ. ಅಕ್ಷರ ಕೂಡುವ ಆವೃತ್ತಿ ಬಂದ ದಿನ ಆ ಮುನ್ನೂರರಲ್ಲಿ ಒಂದನ್ನೂ ತಿದ್ದಬೇಕಾಗುವುದಿಲ್ಲ.