ಎಡೆಗೆ ಇಡುವ ಖಾರಾ ಬನ್ ಮನೆಯಲ್ಲೇ: 30 ಲೀಟರ್ ಓಟಿಜಿ ಈ ಕೆಲಸಕ್ಕೆ ಆಗುತ್ತದೆಯೇ?

ಭಾದ್ರಪದ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಗಳಲ್ಲಿ, ಅದರಲ್ಲೂ ಹಳೇ ಮೈಸೂರು ಕಡೆ, ಎಲೆ ಮೇಲೆ ಏನಿರಬೇಕು ಅನ್ನುವುದನ್ನು ಹೋದವರ ನಾಲಿಗೆಯೇ ತೀರ್ಮಾನ ಮಾಡುತ್ತದೆ. ವಡೆ, ಕಜ್ಜಾಯ, ಪಾಯಸದ ಪಕ್ಕದಲ್ಲಿ ತಾತನ ಬೀಡಿ ಕಟ್ಟು, ಅಜ್ಜಿಯ ಎಲೆ ಅಡಿಕೆ ಇರುತ್ತವೆ. ಬೇಕರಿಯ ಖಾರಾ ಬನ್, ದಿಲ್ ಪಸಂದ್, ಹನಿ ಕೇಕ್ ಕೂಡ ಆ ಸಾಲಿಗೆ ಸೇರಿ ಎಷ್ಟೋ ಕಾಲವಾಯಿತು. ದಿನಾ ಸಂಜೆ ಬೇಕರಿ ಮುಂದೆ ನಿಂತು ಬೈಟು ಟೀ ಜೊತೆ ಒಂದು ಖಾರಾ ಬನ್ ತಿಂದೇ ಮನೆಗೆ ಬರುತ್ತಿದ್ದ ಅಪ್ಪನಿಗೆ ಎಲೆ ಮೇಲೆ ಅದಿಲ್ಲದಿದ್ದರೆ ಹೇಗೆ?

ಅಂಗಡಿಯಿಂದ ತಂದಿಟ್ಟರೂ ಆಗುತ್ತದೆ, ಅದರಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಕೈಯಾರೆ ಮಾಡಿ ಇಡಬೇಕು ಅನ್ನುವವರಿದ್ದಾರೆ. ಅಪ್ಪ ಹೋಗುತ್ತಿದ್ದ ಬೇಕರಿಯೇ ಮುಚ್ಚಿಹೋಗಿರುವವರಿದ್ದಾರೆ. ಪುಣೆಯಲ್ಲೋ ದುಬೈಯಲ್ಲೋ ಇದ್ದು, ಸುತ್ತ ಎಲ್ಲೂ ಖಾರಾ ಬನ್ ಸಿಗದವರಿದ್ದಾರೆ. ಅವರೆಲ್ಲ ಮೊದಲು ಕೇಳುವುದು ಓಟಿಜಿ, ಅಂದರೆ ಓವನ್, ಟೋಸ್ಟರ್, ಗ್ರಿಲ್ ಮೂರೂ ಸೇರಿದ ಕರೆಂಟಿನ ಪುಟ್ಟ ಓವನ್, ತೆಗೆದುಕೊಳ್ಳಬಹುದಾ ಅಂತ. ಇಲ್ಲಿ ನೋಡುತ್ತಿರುವುದು ಒಂದು ಕಂಪನಿಯ ಮಾಡೆಲನ್ನಲ್ಲ, 28ರಿಂದ 30 ಲೀಟರ್ ಅಳತೆಯ, 1500 ವ್ಯಾಟ್ ಆಸುಪಾಸಿನ ಓಟಿಜಿಯನ್ನು. ಈ ಅಳತೆಯಲ್ಲಿ ಮೇಲೆ ಯಾವ ಹೆಸರಿದ್ದರೂ ಒಳಗಿರುವುದು ಹೆಚ್ಚುಕಮ್ಮಿ ಒಂದೇ: ಮೇಲೊಂದು ಜೊತೆ, ಕೆಳಗೊಂದು ಜೊತೆ ಕಾಯಿಲ್, ಶಾಖವನ್ನು ಹಿಡಿತದಲ್ಲಿಡುವ ಒಂದು ಥರ್ಮೋಸ್ಟಾಟ್, 60 ನಿಮಿಷದ ಟೈಮರ್, ಕೆಲವದರಲ್ಲಿ ಒಂದು ಫ್ಯಾನ್.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬನ್ನಿಗೆ ಈ ಅಳತೆ ಸರಿಯಾಗಿದೆ. 16 ಲೀಟರಿನದು ಬೇಡ: ಕಾಯಿಲ್ ಬನ್ನಿನ ನೆತ್ತಿಗೆ ತೀರಾ ಹತ್ತಿರವಿರುವುದರಿಂದ ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗುತ್ತದೆ. 60 ಲೀಟರಿನದು ಎಂಟು ಬನ್ನಿಗೆ ಅತಿಯಾಯಿತು, ಕಾಯುವುದಕ್ಕೇ ಹೊತ್ತು ಹಿಡಿಯುತ್ತದೆ. ಬರೀ ಹನಿ ಕೇಕ್ ಮಾಡುವವರು ಯಾವ ಓಟಿಜಿಯನ್ನೂ ಕೊಳ್ಳಬೇಕಿಲ್ಲ, ಕಾರಣ ಮುಂದೆ ಬರುತ್ತದೆ.

ಎಡೆಯ ಅಡುಗೆಗೆ ಒಂದು ಕಟ್ಟುಪಾಡು ಇದೆ, ಯಂತ್ರದ ಮಾತಿಗಿಂತ ಮುಂಚೆ ಅದು ತಲೆಯಲ್ಲಿರಬೇಕು. ಎಡೆ ಇಡುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ, ಎಂಜಲಾಗುತ್ತದೆ. ಸಾರಿಗೆ, ಪಾಯಸಕ್ಕೆ ಇದೇನು ದೊಡ್ಡ ವಿಷಯವಲ್ಲ, ವರ್ಷಗಟ್ಟಲೆ ಮಾಡಿದ ಕೈಗೆ ಅಳತೆ ಗೊತ್ತಿರುತ್ತದೆ. ಬನ್ನಿನ ಕಥೆ ಬೇರೆ. ಉಪ್ಪು ಮರೆತಿದ್ದು ಗೊತ್ತಾಗುವುದು ಎಡೆ ತೆಗೆದು ಎಲ್ಲರೂ ಊಟಕ್ಕೆ ಕೂತಾಗ. ಆದ್ದರಿಂದ ಲೋಟ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಓಟಿಜಿ ಜೊತೆಗೆ ಒಂದು ಗ್ರಾಂ ವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯನ್ನೂ ಕೊಳ್ಳಿ. ಹಬ್ಬಕ್ಕೆ ಎರಡು ವಾರ ಇರುವಾಗಲೇ ಕನಿಷ್ಠ ಎರಡು ಸಲ ಪೂರ್ತಿ ಮಾಡಿ, ತಿಂದು, ಅಳತೆಯನ್ನು ಬರೆದಿಟ್ಟುಕೊಳ್ಳಿ. ಹಬ್ಬದ ದಿನ ಆ ಚೀಟಿಯೇ ನಿಮ್ಮ ನಾಲಿಗೆ.

ಪರೀಕ್ಷೆಗೆ ಹಿಡಿದ ಅಳತೆ ಇದು, ಎಂಟು ಬನ್ನಿಗೆ. ಮೈದಾ 300 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 4 ಗ್ರಾಂ, ಸಕ್ಕರೆ 20, ಉಪ್ಪು 6, ಹಾಲಿನ ಪುಡಿ 10, ಬೆಚ್ಚಗಿನ ನೀರು 180 ಎಂಎಲ್, ವನಸ್ಪತಿ 30 ಗ್ರಾಂ. ಸಣ್ಣಗೆ ಹೆಚ್ಚಿದ ಈರುಳ್ಳಿ 80 ಗ್ರಾಂ, ಹಸಿಮೆಣಸಿನಕಾಯಿ ಮೂರು, ಕೊತ್ತಂಬರಿ ಒಂದು ಹಿಡಿ, ಕರಿಬೇವು ಹತ್ತು ಎಲೆ. ಕೆಲವು ಬೇಕರಿಗಳಲ್ಲಿ ಸಬ್ಬಸಿಗೆ ಹಾಕುತ್ತಾರೆ. ನಿಮ್ಮವರು ತಿಂದ ಬನ್ನಿನಲ್ಲಿ ಅದಿತ್ತೇ ಅನ್ನುವುದನ್ನು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ, ಆ ಒಂದು ಸೊಪ್ಪಿನಲ್ಲಿ ಇಡೀ ಬನ್ನಿನ ಘಮ ಬದಲಾಗುತ್ತದೆ.

ವನಸ್ಪತಿ ಅಂದ ಕೂಡಲೇ ಮುಖ ಸಿಂಡರಿಸುವವರು ಬೆಣ್ಣೆ ಹಾಕಿ ಮಾಡಿ ನೋಡಿ. ರುಚಿ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಬೇರೆ ಬನ್. ಬಹಳಷ್ಟು ಬೇಕರಿಗಳಲ್ಲಿ ಹಿಟ್ಟಿಗೆ ಬೀಳುವುದು ವನಸ್ಪತಿ ಅಥವಾ ಮಾರ್ಗರೀನ್. ಬೇಕರಿ ಬಾಗಿಲಲ್ಲಿ ಮೂಗಿಗೆ ಬಡಿಯುವ ವಾಸನೆಯಲ್ಲಿ ಅದರದ್ದೂ ಪಾಲಿದೆ. ಹೋದವರ ರುಚಿಗೆ ಇಡುವ ಎಡೆಯಾದ್ದರಿಂದ ನಮ್ಮ ಇಂದಿನ ಪಥ್ಯವನ್ನು ಅಲ್ಲಿಗೆ ತರುವುದು ಬೇಡ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಬೆಣ್ಣೆಯೇ ಆಗಬೇಕೆಂದರೆ 36 ಗ್ರಾಂ ಹಾಕಿ, ಬೆಣ್ಣೆಯಲ್ಲಿ ನೂರಕ್ಕೆ 16ರಷ್ಟು ನೀರೇ ಇರುತ್ತದೆ. ಉಪ್ಪು ಸೇರಿಸಿದ ಬೆಣ್ಣೆಯಾದರೆ ಹಿಟ್ಟಿನ ಉಪ್ಪನ್ನು 5 ಗ್ರಾಮಿಗೆ ಇಳಿಸಿ. ಮೊಟ್ಟೆಯ ಪ್ರಶ್ನೆ ಬರುವುದೇ ಇಲ್ಲ. ಹಾಸನದ ಕಡೆಯಿಂದ ಬಂದ ಅಯ್ಯಂಗಾರರು ಬೆಳೆಸಿದ ಬೇಕರಿ ಪರಂಪರೆಯ ಬನ್ನಿಗೆ ಮೊದಲಿನಿಂದಲೂ ಮೊಟ್ಟೆ ಬೇಕಿಲ್ಲ.

ಈರುಳ್ಳಿಯನ್ನು ಹಿಟ್ಟು ಕಲಸುವಾಗಲೇ ಹಾಕಿದರೆ ಕೆಲಸ ಕೆಟ್ಟಿತು. ಉಪ್ಪು ತಾಗಿದ ಈರುಳ್ಳಿ ನೀರು ಬಿಡುತ್ತದೆ, ಹತ್ತು ನಿಮಿಷದಲ್ಲಿ ಹಿಟ್ಟು ಕೈಗೆ ಅಂಟುತ್ತದೆ, ಆಗ ಗಾಬರಿಯಲ್ಲಿ ಮೇಲಿಂದ ಮೈದಾ ಸುರಿಯುತ್ತೇವೆ, ಬನ್ ಕಲ್ಲಾಗುತ್ತದೆ. ಹಿಟ್ಟನ್ನು ಮೊದಲು ಬರಿದೇ 10ರಿಂದ 12 ನಿಮಿಷ ನಾದಬೇಕು. ಸಣ್ಣ ಉಂಡೆ ತೆಗೆದು ಎಳೆದರೆ ಹರಿಯದೆ ತೆಳು ಪೊರೆಯಾಗಬೇಕು. ಆಮೇಲೆ ಈರುಳ್ಳಿ, ಮೆಣಸಿನಕಾಯಿ, ಸೊಪ್ಪು ಹರಡಿ, ಮಡಚಿ ಮಡಚಿ ಸೇರಿಸಿ. ಮೇಲ್ಮೈಯಲ್ಲಿ ಇಣುಕುವ ಈರುಳ್ಳಿ ಚೂರನ್ನು ಬೆರಳಿನಿಂದ ಒಳಕ್ಕೆ ತಳ್ಳಿ, ಹೊರಗಿದ್ದರೆ ಸೀದು ಕಹಿಯಾಗುತ್ತದೆ.

ಇನ್ನು ಓಟಿಜಿಯ ಗುಣದೋಷ. ದೊಡ್ಡ ದೋಷ ಥರ್ಮೋಸ್ಟಾಟಿನದು. ಗುಂಡಿ 200 ಅಂದರೆ ಒಳಗೆ 200 ಇರುತ್ತದೆ ಅಂತ ನಂಬಬಾರದು. 20, 25 ಡಿಗ್ರಿ ಮೇಲೆ ಕೆಳಗೆ ಇರುವುದು ಮಾಮೂಲು. ಮನೆಯ ಬನ್ ರಸ್ಕಿನ ಹಾಗೆ ಒಣಗುವುದಕ್ಕೆ ಮುಖ್ಯ ಕಾರಣ ಇದೇ: ಒಳಗೆ ಶಾಖ ಸಾಲದೆ 18 ನಿಮಿಷದ ಬೇಯುವಿಕೆ 30 ನಿಮಿಷಕ್ಕೆ ಎಳೆಯುತ್ತದೆ, ಅಷ್ಟರಲ್ಲಿ ನೀರೆಲ್ಲ ಆರಿಹೋಗುತ್ತದೆ. ಒಳಗೆ ನೇತುಹಾಕುವ ಓವನ್ ಥರ್ಮಾಮೀಟರ್ ಇದಕ್ಕೆ ಪರಿಹಾರ. ಅದಿಲ್ಲದಿದ್ದರೆ ಸಕ್ಕರೆಯಿಂದಲೇ ಅಂದಾಜು ಮಾಡಬಹುದು. ಫಾಯಿಲ್‌ನಿಂದ ಪುಟ್ಟ ಬಟ್ಟಲು ಮಾಡಿ, ಒಂದು ಚಮಚ ಸಕ್ಕರೆ ಹಾಕಿ, ಕಾದ ಓಟಿಜಿಯ ನಡುವೆ 15 ನಿಮಿಷ ಇಡಿ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಗುಂಡಿ 175ರಲ್ಲಿದ್ದಾಗ ಹರಳು ಹರಳಾಗಿಯೇ ಉಳಿದು, 190ರಲ್ಲಿ ಕರಗಿ ಪಾರದರ್ಶಕ ಪಾಕವಾದರೆ ನಿಮ್ಮ ಯಂತ್ರ ನಂಬಿಕಸ್ತ. 175ರಲ್ಲೇ ಕರಗಿದರೆ ಅದು ಬಿಸಿ ಜಾಸ್ತಿ ಇರುವ ಓಟಿಜಿ, 190ರಲ್ಲೂ ಕರಗದಿದ್ದರೆ ಕಮ್ಮಿ. ಆ ವ್ಯತ್ಯಾಸವನ್ನೂ ಚೀಟಿಯಲ್ಲಿ ಬರೆಯಿರಿ.

ಎರಡನೆಯ ದೋಷ ಜೊತೆಗೆ ಬರುವ ಕಪ್ಪು ಟ್ರೇ. ತೆಳ್ಳಗಿರುತ್ತದೆ, ಕಪ್ಪಾಗಿರುವುದರಿಂದ ಕೆಳಗಿನ ಕಾಯಿಲ್‌ನ ಶಾಖವನ್ನು ಹೀರಿಕೊಂಡು ಬನ್ನಿನ ತಳ ಸೀಯಿಸುತ್ತದೆ. ಅದನ್ನು ಎತ್ತಿಟ್ಟು, ಪಾತ್ರೆ ಅಂಗಡಿಯಲ್ಲಿ ಸಿಗುವ ದಪ್ಪ ಅಲ್ಯೂಮಿನಿಯಂ ಟ್ರೇ ತನ್ನಿ. ಒಳಗಿನ ಅಗಲ ಅಳೆದುಕೊಂಡೇ ಅಂಗಡಿಗೆ ಹೋಗಿ, ಸುತ್ತ ಒಂದಂಗುಲ ಜಾಗ ಉಳಿದರೆ ಮಾತ್ರ ಬಿಸಿಗಾಳಿ ಓಡಾಡುತ್ತದೆ.

ಫ್ಯಾನ್ ಇರುವ ಮಾಡೆಲ್‌ಗೆ ಹೆಚ್ಚು ದುಡ್ಡು ಕೊಡಬೇಕಾ? ಬರೀ ಬನ್ನಿಗಾದರೆ ಬೇಡ. ಬಿಸ್ಕತ್ತಿಗೆ ಅದು ಒಳ್ಳೆಯದು, ಬನ್ನಿಗೆ ಮಾತ್ರ ಗಾಳಿ ಬಡಿದು ಮೇಲಿನ ಪದರ ಬೇಗ ಗಟ್ಟಿಯಾಗುತ್ತದೆ, ಆಮೇಲೆ ಉಬ್ಬಲು ಜಾಗವಿಲ್ಲದೆ ಪಕ್ಕೆ ಬಿರಿಯುತ್ತದೆ. ಪಕ್ಕೆ ಬಿರಿಯಲು ಇನ್ನೊಂದು ಕಾರಣ ಎರಡನೇ ಸಲದ ಹುದುಗು, ಅಂದರೆ ಒಮ್ಮೆ ಉಬ್ಬಿದ ಹಿಟ್ಟನ್ನು ಉಂಡೆ ಕಟ್ಟಿ ಟ್ರೇಯಲ್ಲಿಟ್ಟ ಮೇಲೆ ಮತ್ತೆ ಉಬ್ಬಲು ಬಿಡುವುದು, ಸಾಲದಿರುವುದು. ಈಗಾಗಲೇ ಫ್ಯಾನ್ ಇರುವ ಓಟಿಜಿ ಇದ್ದರೆ ಮೊದಲ ಹತ್ತು ನಿಮಿಷ ಅದನ್ನು ಆರಿಸಿಡಿ.

ಬೇಯಿಸುವ ಕ್ರಮ ಹೀಗೆ: ಮೇಲೂ ಕೆಳಗೂ ಎರಡೂ ಕಾಯಿಲ್ ಹಾಕಿ, ನಿಜವಾದ 190 ಡಿಗ್ರಿಗೆ 15 ನಿಮಿಷ ಕಾಯಿಸಿ, ಟ್ರೇಯನ್ನು ನಡುವಿಗಿಂತ ಒಂದು ಮೆಟ್ಟಿಲು ಕೆಳಗಿಟ್ಟು 16ರಿಂದ 18 ನಿಮಿಷ. ಹಿಂಭಾಗದಲ್ಲಿ ಶಾಖ ಹೆಚ್ಚಿರುವುದರಿಂದ ಹತ್ತನೇ ನಿಮಿಷಕ್ಕೆ ಒಂದೇ ಸಲ ಬಾಗಿಲು ತೆಗೆದು ಟ್ರೇ ತಿರುಗಿಸಿ. ಇಣುಕಿ ಇಣುಕಿ ನೋಡಿದರೆ ಪ್ರತಿ ಸಲವೂ ಶಾಖ ಕುಸಿಯುತ್ತದೆ. ಒಳಗಿಡುವ ಮುಂಚೆ ಹಾಲು ಸವರಿ, ಹೊರಗೆ ಬಂದ ತಕ್ಷಣ ಬಿಸಿ ಬನ್ನಿನ ಮೇಲೆ ಸ್ವಲ್ಪ ಬೆಣ್ಣೆ ಸವರಿ ತೆಳು ಬಟ್ಟೆ ಮುಚ್ಚಿ. ಬೇಕರಿ ಬನ್ನಿನ ಮೆತ್ತಗಿನ, ಮಿರುಗುವ ನೆತ್ತಿ ಬರುವುದು ಈ ಕೊನೆಯ ಒಂದು ನಿಮಿಷದಲ್ಲಿ. ಸೌದೆ ಭಟ್ಟಿಯ ಇಟ್ಟಿಗೆ ನೆಲದ ಮೇಲೆ ಬೆಂದ ಬನ್ನಿನ ತಳವನ್ನಾಗಲಿ ಆ ಹೊಗೆಯ ಎಳೆಯನ್ನಾಗಲಿ ಓಟಿಜಿ ಕೊಡಲಾರದು. ಅದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ವಿದ್ಯುತ್ತಿನ ಮಾತನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ. 1500 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್. ಸಾಮಾನ್ಯ 6 ಆಂಪಿಯರ್ ಪಾಯಿಂಟ್ ಸಾಲದು, ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ, ದೊಡ್ಡ 16 ಆಂಪಿಯರ್ ಪಾಯಿಂಟೇ ಬೇಕು. ಹಬ್ಬದ ದಿನ ಅದೇ ಲೈನಿನಲ್ಲಿ ಗ್ರೈಂಡರ್, ಇಂಡಕ್ಷನ್ ಒಲೆ ಒಟ್ಟಿಗೆ ಓಡಿದರೆ ಎಂಸಿಬಿ (ಲೋಡ್ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್ಚು) ಬೀಳುತ್ತದೆ. ವಡೆ ಹಿಟ್ಟು ರುಬ್ಬುವುದನ್ನು ಮುಗಿಸಿಯೇ ಓಟಿಜಿ ಹಚ್ಚಿ. ಕರೆಂಟ್ ಖರ್ಚು ಒಂದು ಬ್ಯಾಚಿಗೆ ಒಂದು ಯೂನಿಟ್‌ಗಿಂತ ಕಮ್ಮಿ. ಹೊಸ ಓಟಿಜಿಯನ್ನು ಮೊದಲು ಬರಿದೇ 250ರಲ್ಲಿ 15 ನಿಮಿಷ ಕಿಟಕಿ ತೆಗೆದಿಟ್ಟು ಓಡಿಸಬೇಕು, ಕಾಯಿಲ್‌ಗೆ ಸವರಿದ ಎಣ್ಣೆ ಸುಟ್ಟು ಹೊಗೆ ಬರುತ್ತದೆ. ಇದನ್ನು ಬಿಟ್ಟು ನೇರವಾಗಿ ಎಡೆಯ ಬನ್ ಇಟ್ಟರೆ ಆ ವಾಸನೆಯೆಲ್ಲ ಬನ್ನಿಗೇ.

ಹೊತ್ತಿನ ಲೆಕ್ಕ ಹಿಂದಿನಿಂದ ಹಾಕಬೇಕು. ಮಹಾಲಯದ ಹೊತ್ತಿಗೆ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಬೆಂಗಳೂರು, ಮೈಸೂರಿನ ಅಡುಗೆಮನೆ ಬೆಳಿಗ್ಗೆ ತಣ್ಣಗಿರುತ್ತದೆ, ಪುಸ್ತಕದಲ್ಲಿ ಒಂದು ಗಂಟೆ ಅಂದ ಹುದುಗು ಒಂದೂವರೆ ಗಂಟೆ ಹಿಡಿಯುತ್ತದೆ. ಆರಿಸಿದ ಓಟಿಜಿಯೊಳಗೆ ಒಂದು ಬಟ್ಟಲು ಬಿಸಿನೀರು ಇಟ್ಟು ಪಕ್ಕದಲ್ಲಿ ಹಿಟ್ಟಿಟ್ಟರೆ ಬೇಗ ಉಬ್ಬುತ್ತದೆ. ಎರಡನೇ ಹುದುಗಿನ ಕೊನೆಗೆ ಟ್ರೇ ಹೊರತೆಗೆದು ಓಟಿಜಿ ಕಾಯಿಸುವುದನ್ನು ಮರೆಯಬಾರದು. ಕಲಸುವುದರಿಂದ ಬನ್ ಆರುವ ತನಕ ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಮಧ್ಯಾಹ್ನ ಒಂದಕ್ಕೆ ಎಡೆ ಇಡುವ ಮನೆಯಲ್ಲಿ ಸ್ನಾನ ಮುಗಿಸಿ ಒಂಬತ್ತರೊಳಗೆ ಹಿಟ್ಟು ಕಲಸಿರಬೇಕು. ಯೀಸ್ಟ್ ಹಳೆಯದಾದರೆ ಈ ಲೆಕ್ಕವೆಲ್ಲ ನೀರುಪಾಲು. ಹಿಂದಿನ ದಿನ ಅರ್ಧ ಚಮಚ ಯೀಸ್ಟನ್ನು ಬೆಚ್ಚಗಿನ ಸಕ್ಕರೆ ನೀರಿಗೆ ಹಾಕಿ ನೋಡಿ, ಹತ್ತು ನಿಮಿಷದಲ್ಲಿ ನೊರೆ ಏಳದಿದ್ದರೆ ಹೊಸ ಪೊಟ್ಟಣ ತನ್ನಿ.

ದಿಲ್ ಪಸಂದ್ ಕೂಡ ಇದೇ ಓಟಿಜಿಯಲ್ಲಿ ಚೆನ್ನಾಗಿ ಆಗುತ್ತದೆ. ಅಲ್ಲಿ ಕೈಕೊಡುವುದು ಹೂರಣ: ಹಸಿ ಕಾಯಿತುರಿ, ಸಕ್ಕರೆ ಸೇರಿ ನೀರಾಗಿ ತಳ ಹಸಿಯಾಗಿಯೇ ಉಳಿಯುತ್ತದೆ. ತುರಿಯನ್ನು ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹುರಿದು, ಪೂರ್ತಿ ಆರಿದ ಮೇಲೆ ಸಕ್ಕರೆ, ಟೂಟಿ ಫ್ರೂಟಿ, ಏಲಕ್ಕಿ ಬೆರೆಸಿ. ಹನಿ ಕೇಕಿಗೆ ಕುಕ್ಕರ್ ಸಾಕು. ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹಾಸಿ ಮಾಡುವ ಕೇಕಿನ ದೊಡ್ಡ ಕೊರತೆ ಮೇಲ್ಭಾಗ ಕೆಂಪಗಾಗದಿರುವುದು. ಹನಿ ಕೇಕಿನಲ್ಲಿ ಮೇಲೆ ಜ್ಯಾಮ್, ಅದರ ಮೇಲೆ ಕೊಬ್ಬರಿ ಪುಡಿ ಬರುವುದರಿಂದ ಆ ಕೊರತೆ ಕಾಣುವುದೇ ಇಲ್ಲ. ಕನ್ವೆಕ್ಷನ್ ಮೈಕ್ರೋವೇವ್ ಇರುವವರು ಕೇಕನ್ನು ಅದರಲ್ಲೇ ಮಾಡಿಕೊಳ್ಳಿ. ಬನ್ನಿಗೆ ಮಾತ್ರ ಅದು ಆಗಿಬರುವುದಿಲ್ಲ, ಕೆಳಗಿನಿಂದ ಶಾಖ ಸಾಲದೆ ತಳ ಬಿಳಿಚಿಕೊಳ್ಳುತ್ತದೆ.

ಎಲೆ ಮೇಲೆ ಇಡುವಾಗ ಬನ್ ಪೂರ್ತಿ ಆರಿರಲಿ. ಬಿಸಿ ಬನ್ನಿನ ಅಡಿ ಬಾಳೆಲೆ ಬೆವರಿ ತಳ ನೆನೆಯುತ್ತದೆ. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಮನೆಯವರೆಲ್ಲ ಹೊರಗೆ ನಿಲ್ಲುವ ಹೊತ್ತಿನ ತನಕ ಬಟ್ಟೆ ಮುಚ್ಚಿಯೇ ಇಟ್ಟಿರಿ, ಬಾಗಿಲು ಮುಚ್ಚುವ ಮುಂಚೆ ತೆಗೆಯಿರಿ. ಬೆಣ್ಣೆ ಸವರಿದ ಬನ್ ಅಷ್ಟು ಹೊತ್ತಿಗೆ ಒಣಗುವುದಿಲ್ಲ. ಕಾಗೆಗೆ ಇಡುವುದಕ್ಕೆ ಒಂದು ಉಂಡೆಯನ್ನು ಮೆಣಸಿನಕಾಯಿ ಹಾಕದೆ ಬೇರೆಯಾಗಿ ಕಟ್ಟಿ, ಟ್ರೇಯ ಮೂಲೆಯಲ್ಲಿ ಗುರುತಿಟ್ಟು ಬೇಯಿಸಿಕೊಳ್ಳಬಹುದು.