ಕ್ರಿಯೇಟ್‌ರೆಪೋ_ಸಿ: ಮೂರು ವರ್ಷ ಬಳಸಿದ ಮೇಲೆ

ದಾವಣಗೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 40 ಸಿಸ್ಟಂ, ಎಲ್ಲದರಲ್ಲೂ ಫೆಡೋರಾ ಲಿನಕ್ಸ್. ಎಲ್ಲವೂ ಒಟ್ಟಿಗೆ ಇಂಟರ್ನೆಟ್‌ನಿಂದ ಪ್ಯಾಕೇಜ್ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಫೈಲ್) ಎಳೆಯತೊಡಗಿದರೆ ಆಫೀಸಿನಿಂದ ಫೋನ್ ಬರುತ್ತದೆ. ಹಾಗಾಗಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೇ ಸಿಸ್ಟಂನಲ್ಲಿ ನಮ್ಮದೇ ರೆಪೊಸಿಟರಿ, ಅಂದರೆ ಪ್ಯಾಕೇಜ್‌ಗಳ ಸಂಗ್ರಹ, ಇಟ್ಟುಕೊಂಡೆ. ಅದನ್ನು ಸಿದ್ಧಮಾಡುವ ಟೂಲೇ ಕ್ರಿಯೇಟ್‌ರೆಪೋ_ಸಿ.

ಈ ಟೂಲ್‌ನ ಕೆಲಸ ಇಷ್ಟೇ. ಫೋಲ್ಡರಿಗೆ ಫೆಡೋರಾದ ಪ್ಯಾಕೇಜ್‌ಗಳಾದ ಆರ್‌ಪಿಎಂ ಫೈಲ್ ಹಾಕಿ ಓಡಿಸಿದರೆ, ಅವುಗಳ ಪಟ್ಟಿಯನ್ನು ರೆಪೊಡೇಟಾ ಅನ್ನೋ ಫೋಲ್ಡರಿನಲ್ಲಿ ಬರೆದಿಡುತ್ತದೆ. ಡಿಎನ್‌ಎಫ್ (ಫೆಡೋರಾದಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಟೂಲ್) ಹುಡುಕುವುದು ಆ ಪಟ್ಟಿಯಲ್ಲಿ. ಫೈಲ್ ಅಲ್ಲೇ ಇದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ, ಇಲ್ಲ ಅಂತಲೇ ಲೆಕ್ಕ.

ಮೊದಮೊದಲು ಪ್ರತಿ ಸಲ ಪೂರ್ತಿ ಓಡಿಸುತ್ತಿದ್ದೆ. ಎಲ್ಲ ಫೈಲುಗಳ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕಹಾಕುವ ಗುರುತು) ಮತ್ತೆ ಮೊದಲಿಂದ! ಹಳೇ ಹಾರ್ಡ್ ಡಿಸ್ಕ್ ಗೊರಗೊರ ಅನ್ನುತ್ತಿತ್ತು. ಹೊರಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದು ಬಂದರೂ ಮುಗಿದಿರುತ್ತಿರಲಿಲ್ಲ. 'ಅಪ್‌ಡೇಟ್' ಆಯ್ಕೆ ಕೊಟ್ಟ ಮೇಲೆ ಆ ಗೋಳು ತಪ್ಪಿತು. ಗಾತ್ರ, ಬದಲಾದ ಸಮಯ ಎರಡೂ ಹಾಗೇ ಇರುವ ಫೈಲುಗಳನ್ನು ಬಿಟ್ಟು ಹೊಸದನ್ನಷ್ಟೇ ಓದುತ್ತದೆ.

ನನ್ನನ್ನು ಜಾಸ್ತಿ ಸತಾಯಿಸಿದ್ದು ಬೇರೆ. ಪ್ರಾಕ್ಟಿಕಲ್‌ನ ಹಿಂದಿನ ಸಂಜೆ ಒಂದು ಪ್ಯಾಕೇಜ್ ಸೇರಿಸಿ, ಪಟ್ಟಿ ಹೊಸದು ಮಾಡಿ, ನಿಶ್ಚಿಂತೆಯಿಂದ ಮನೆಗೆ ಹೋದೆ. ಬೆಳಿಗ್ಗೆ ಒಬ್ಬ ಹುಡುಗ, "ಸರ್, ಅಂಥದ್ದು ಯಾವುದೂ ಇಲ್ಲ ಅಂತಿದೆ" ಅಂದ. ಪಕ್ಕದವನಿಗೆ ಸಿಕ್ಕಿದೆ! ಅರ್ಧ ಗಂಟೆ ಸುಮ್ನೆ ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿದ್ದೇ ಬಂತು. ತಪ್ಪು ಕೇಬಲ್‌ದಲ್ಲ, ಸರ್ವರಿನದ್ದೂ ಅಲ್ಲ. ನಾವು ಬೇರೆ ಹೇಳದಿದ್ದರೆ ಡಿಎನ್‌ಎಫ್ ಒಮ್ಮೆ ತಂದ ಪಟ್ಟಿಯನ್ನೇ 48 ಗಂಟೆ ನಂಬಿಕೊಂಡಿರುತ್ತದೆ. ಪಕ್ಕದವನ ಸಿಸ್ಟಂನಲ್ಲಿ ಆ ಅವಧಿ ಮುಗಿದಿತ್ತು, ಅಷ್ಟೇ. ಅವತ್ತಿಗೆ ಪಟ್ಟಿಯನ್ನು ಆಗಲೇ ಹೊಸದಾಗಿ ತರಿಸುವ 'ರಿಫ್ರೆಶ್' ಆಯ್ಕೆ ಕೊಟ್ಟು ಇನ್‌ಸ್ಟಾಲ್ ಮಾಡಿಸಿದೆ. ಆಮೇಲೆ ಎಲ್ಲ ಸಿಸ್ಟಂಗಳ ರೆಪೋ ಫೈಲಿನಲ್ಲೂ (ರೆಪೊಸಿಟರಿಯ ಸೆಟ್ಟಿಂಗ್ ಇರುವ ಫೈಲ್) ಆ ಅವಧಿಯನ್ನು 300 ಸೆಕೆಂಡಿಗೆ ಇಳಿಸಿದೆ. ಲ್ಯಾಬ್ ಒಳಗಿನ ಓಡಾಟ ತಾನೇ, ಭಾರವೇನಿಲ್ಲ.

ಇನ್ನೊಂದು ಕಿರಿಕಿರಿ ಕರೆಂಟಿನದ್ದು. ಪಟ್ಟಿ ಮಾಡುವಾಗ ಮಧ್ಯದಲ್ಲಿ ಕರೆಂಟ್ ಹೋದರೆ ಚುಕ್ಕಿಯಿಂದ ಶುರುವಾಗುವ ಒಂದು ತಾತ್ಕಾಲಿಕ ರೆಪೊಡೇಟಾ ಫೋಲ್ಡರ್ ಉಳಿದುಬಿಡುತ್ತದೆ. ಮತ್ತೆ ಓಡಿಸಿದರೆ, "ಇನ್ನೊಂದು ಕಡೆ ಇದೇ ಕೆಲಸ ನಡೀತಿದೆಯಾ?" ಅಂತ ನಮ್ಮನ್ನೇ ಕೇಳಿ ನಿಂತುಬಿಡುತ್ತದೆ. ಆ ಫೋಲ್ಡರ್ ಅಳಿಸಿದರೆ ಸರಿಹೋಗುತ್ತದೆ. ಹಳೇ ಪಟ್ಟಿಗೆ ಒಮ್ಮೆಯೂ ಪೆಟ್ಟಾಗಿಲ್ಲ, ಅದು ಮೆಚ್ಚಬೇಕಾದ್ದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಯುಪಿಎಸ್ ಬೇಕು ಅಂತ ಬರೆದುಕೊಟ್ಟು ಎರಡು ಸೆಮಿಸ್ಟರ್ ಆಯಿತು, ಇನ್ನೂ ಬಂದಿಲ್ಲ.