ಶೋಲ್ಡರ್ ಪುಲ್ಲಿ ತರಿಸುವ ಮೊದಲು ಬಾಗಿಲು ನೋಡಿಕೊಳ್ಳಿ

ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದು ಕೈ ಮೇಲೇಳದ ಕಾಯಿಲೆ, ಆದವರಿಗೆ ಅಂತ ಆನ್‌ಲೈನಿನಲ್ಲಿ ಒಂದು ಪುಲ್ಲಿ ಸಿಗುತ್ತದೆ. ಐನೂರು ರೂಪಾಯಿ ಒಳಗೇ. ಒಂದು ಪ್ಲಾಸ್ಟಿಕ್ ಚಕ್ರ, ಹಗ್ಗ, ಎರಡು ಹಿಡಿ, ಬಾಗಿಲಿಗೆ ಸಿಕ್ಕಿಸಲು ಒಂದು ಪಟ್ಟಿ. ಬಾವಿ ಗಡಗಡೆಯ ತಮ್ಮ ಅನ್ನಿ. ಕುರ್ಚಿ ಮೇಲೆ ಕೂತು ಒಳ್ಳೆಯ ಕೈಯಿಂದ ಕೆಳಗೆ ಎಳೆದರೆ ನೋವಿನ ಕೈ ತಾನಾಗಿ ಮೇಲೆ ಹೋಗುತ್ತದೆ.

ಪಟ್ಟಿಯ ತುದಿಯ ಗುಂಡನ್ನು ಬಾಗಿಲ ಆಚೆ ಬಿಟ್ಟು ಬಾಗಿಲು ಹಾಕಬೇಕಂತೆ. ಫ್ಲಾಟಿನವರಿಗೆ ಸರಿ. ಶಿರಸಿ ಕಡೆಯ ನಮ್ಮ ಹಳೇ ಮನೆಯಲ್ಲಿ ಎಲ್ಲ ಎರಡು ರೆಕ್ಕೆಯ ಬಾಗಿಲು. ಮಳೆಗಾಲದಲ್ಲಿ ಉಬ್ಬಿ ಮುಚ್ಚುವುದೇ ಇಲ್ಲ. ಚೌಕಟ್ಟೂ ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಕಡೆಗೆ ಭಾವ ಜಗಲಿಯ ತೊಲೆಗೆ ಕೊಕ್ಕೆ ಹೊಡೆದು ಕೊಟ್ಟರು. ಬಂದವರೆಲ್ಲ "ಯಾರಿಗೆ ತೊಟ್ಟಿಲು?" ಅಂತ ಕೇಳುತ್ತಾರೆ. ನನಗೆ ಐವತ್ತು ದಾಟಿದೆ, ಏನು ಹೇಳಲಿ?

ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ಬಚ್ಚಲಲ್ಲಿ ಹಂಡೆ ನೀರು ಭುಜಕ್ಕೆ ಹೊಯ್ದುಕೊಂಡು, ಮೈ ಬಿಸಿ ಇರುವಾಗಲೇ ಕೂತರೆ ಕೈ ಸಲೀಸಾಗಿ ಏಳುತ್ತದೆ. ಬಿಗಿಯುವ ಜಾಗ ಬಂದಾಗ ಐದು ಎಣಿಸಿ ಇಳಿಸುವುದು. ಶಿರಸಿಯ ಫಿಸಿಯೋ ಹುಡುಗಿ ಕನ್ನಡಿ ಮುಂದೆ ಕೂರಿಸಿ, "ಅಕ್ಕಾ, ಭುಜ ಕಿವಿ ಹತ್ರ ಹೋಗ್ತಾ ಇದೆ, ಇಳಿಸಿ" ಅಂದಳು. ನಿಜ, ಕೈ ಏಳದಿದ್ದಾಗ ನಾವು ಭುಜವನ್ನೇ ಎತ್ತಿ ಕೈ ಎತ್ತಿದೆವು ಅಂದುಕೊಳ್ಳುತ್ತೇವೆ. ಡಬ್ಬದ ಚೀಟಿಯಲ್ಲಿ ಇದು ಎಲ್ಲೂ ಇಲ್ಲ. ನಗುವ ಹುಡುಗಿಯ ಫೋಟೋ ಮಾತ್ರ ಇದೆ.

ಆದರೆ ಭುಜ ಸರಿಹೋಗಲು ಈ ಪುಲ್ಲಿಯೊಂದೇ ಸಾಕು ಅಂತ ಮಾರುವವರು ಬರೆದಿದ್ದಾರಲ್ಲ, ಅದು ಸುಳ್ಳು. ಈ ಕಾಯಿಲೆಯಲ್ಲಿ ಕೀಲಿನ ಸುತ್ತಲಿನ ಚೀಲ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಮೊದಲು ಹೋಗುವುದೇ ಕೈಯನ್ನು ಹೊರಗೆ ತಿರುಗಿಸುವ ಶಕ್ತಿ. ಹಗ್ಗದಿಂದ ಅದು ಬರುವುದಿಲ್ಲ. ಅದಕ್ಕೆ ನಾನು ಕೊಡೆ ಬಳಸುತ್ತೇನೆ. ಮೊಣಕೈ ಪಕ್ಕೆಗೆ ಒತ್ತಿ, ಕೊಡೆಯ ಎರಡು ತುದಿ ಹಿಡಿದು, ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಹೊರಗೆ ನೂಕುವುದು. ನಮ್ಮಲ್ಲಿ ಕೊಡೆಗೇನು ಬರವೇ? ಬೆನ್ನ ಹಿಂದೆ ಕೈ ಹೋಗಲು ಟವೆಲು.

ಇನ್ನೊಂದು ವಿಷಯ. ಮೊದಲ ಕೆಲವು ತಿಂಗಳು ನೋವೇ ಜಾಸ್ತಿ, ಆ ಮಗ್ಗುಲಿಗೆ ಮಲಗಲೂ ಆಗುವುದಿಲ್ಲ. ಆಗ ಹಗ್ಗ ಜಗ್ಗಿದರೆ ನೋವು ಕೆರಳುತ್ತದೆ ಅಷ್ಟೇ. ಅತ್ತೆ ಮಹಾನಾರಾಯಣ ತೈಲ ತಿಕ್ಕಿದರು, ಹಿತವಾಯಿತು, ಕೈ ಏಳಲಿಲ್ಲ. ಡಾಕ್ಟರು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆಯೇ ನಿದ್ದೆ ಬಂದದ್ದು. ನನಗೆ ಶುಗರ್ ಇದೆ. ಶುಗರ್ ಇದ್ದವರಿಗೆ ಈ ಕಾಟ ಬರುವುದೂ ಜಾಸ್ತಿ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ ಅಂತ ಮೊದಲೇ ಹೇಳಿದ್ದರು, ಏರಿತು. ಪೂರ್ತಿ ಬಿಡಲು 1ರಿಂದ 3 ವರ್ಷ ಹಿಡಿಯಬಹುದಂತೆ. ಈಗ ತುರುಬು ಕಟ್ಟಲು ಯಾರನ್ನೂ ಕರೆಯುವುದಿಲ್ಲ. ಅಟ್ಟದ ಭರಣಿ ಮಾತ್ರ ಇನ್ನೂ ಮಗನೇ ಇಳಿಸಬೇಕು.

ಸಾಮಾನಿನ ದೂರು ಹೇಳಿಬಿಡುತ್ತೇನೆ. ಸ್ಪಂಜಿನ ಹಿಡಿಗೆ ಆಷಾಢದಲ್ಲೇ ಬೂಷ್ಟು ಬಂತು, ಕಿತ್ತು ಹಳೇ ಬಟ್ಟೆ ಸುತ್ತಿದೆ. ಚಕ್ರ ಕಿರ್ ಅನ್ನುತ್ತದೆ, ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ. ಹಗ್ಗ ಗಟ್ಟಿ ಇದೆ. ಮೂರು ಸ್ಟಾರ್. ಒಂಟಿ ಬಾಗಿಲಿನ ಮನೆಯವರು ನಾಲ್ಕು ಅಂತ ಓದಿಕೊಳ್ಳಿ.